ನಿದ್ದೆಗೆಟ್ಟ ಆಂಪ್ಲಿಫೈಯರು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರ ಕಾರಿನಲ್ಲಿ ಕೂತರೂ ಕೈ ಸುಮ್ಮನಿರುವುದಿಲ್ಲ. ಕಾಲಡಿಯ ಮ್ಯಾಟಿನ ಅಂಚನ್ನು ಮೆಲ್ಲಗೆ ಎತ್ತಿ, ಯಾವ ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ನೋಡದಿದ್ದರೆ ಸಮಾಧಾನವಿಲ್ಲ. ಮೊನ್ನೆ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಹೊಸ ಕಾರು ಕೊಂಡ ಸಂತೋಷಕ್ಕೆ ನಮ್ಮನ್ನೆಲ್ಲ ಹಾಸನದ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು. ಎಲ್ಲರೂ ಸೀಟು ಸವರಿ, ಏಸಿ ಹೊಗಳಿ ಮರ್ಯಾದೆಯಿಂದ ಕೂತಿದ್ದಾಗ ನಾನು ಬಗ್ಗಿದ್ದೆ. “ಏನ್ ಸಾರ್, ಏನಾದ್ರೂ ಬಿತ್ತಾ?” ಎಂದರು. “ಪೆನ್ನು” ಎಂದೆ. ಪೆನ್ನು ನನ್ನ ಜೇಬಿನಲ್ಲೇ ಇತ್ತು, ಅವರ ಕಣ್ಣಿಗೂ ಕಾಣುತ್ತಿತ್ತು.

ನಮ್ಮ ಮನೆ, ಕಾಲೇಜು ಎರಡೂ ಹಾಸನದಲ್ಲೇ; ನಾನು ಪಾಠ ಮಾಡುವುದು ಇತಿಹಾಸ. ಇತಿಹಾಸದ ಮೇಷ್ಟ್ರಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಪದ್ಮಾ ಮದುವೆಯಾದ ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ಮುಚ್ಚಿಟ್ಟದ್ದನ್ನು ಕಂಡರೆ ಬಿಚ್ಚಬೇಕು ಅನ್ನಿಸುತ್ತದೆ, ಅಷ್ಟೆ. ಬಿಚ್ಚಿದ್ದನ್ನು ಮತ್ತೆ ಮುಚ್ಚುವ ವಿಷಯದಲ್ಲಿ ಮಾತ್ರ ನನಗೆ ಅಂಥ ಉತ್ಸಾಹವಿಲ್ಲ. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಕಾಲಿಂಗ್ ಬೆಲ್ಲು, ಎಲ್ಲದರ ಹೊಟ್ಟೆಯೊಳಗಿಂದ ಒಂದೊಂದು ಸ್ಕ್ರೂ ಉಳಿದು, ಅಡುಗೆಮನೆಯ ಕಿಟಕಿಯ ಮೇಲೆ ಒಂದು ಬಟ್ಟಲಿನಲ್ಲಿ ಕೂತಿವೆ. ಆ ಬಟ್ಟಲನ್ನು ಪದ್ಮಾ ಬೇಕೆಂದೇ ನೆಂಟರ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದಾಳೆ.

ಇದು ಹೊಳೆನರಸೀಪುರದಲ್ಲಿ ಹುಡುಗನಾಗಿದ್ದಾಗಲೇ ಹತ್ತಿದ್ದು. ನಮ್ಮಪ್ಪನ ರೇಡಿಯೊ ಒಂದು ದಿನ ಮಾತು ನಿಲ್ಲಿಸಿತು. ಅಪ್ಪ ಅದನ್ನು ಅಟ್ಟಕ್ಕೆ ಹಾಕಿದರು, ನಾನು ಅಟ್ಟದಿಂದ ಇಳಿಸಿದೆ. ಅದರ ಹೊಟ್ಟೆಯಲ್ಲಿದ್ದ ಸ್ಪೀಕರು ಇನ್ನೂ ಗಟ್ಟಿಮುಟ್ಟಾಗಿತ್ತು. ಪಕ್ಕದ ಮನೆಯವರ ಟೇಪ್‌ರೆಕಾರ್ಡರಿಗೆ ಅದನ್ನು ಸಿಕ್ಕಿಸಿದೆ. ಬರಿಯ ಸ್ಪೀಕರು ಕೀರಲು ದನಿಯಲ್ಲಿ, ನೆಗಡಿಯಾದವರ ಹಾಗೆ ಹಾಡಿತು. ಅದನ್ನು ಗುಡಾಣದ ಬಾಯಿಯ ಮೇಲೆ ಬೋರಲಾಗಿ ಇಟ್ಟು ನೋಡಬೇಕೆಂದು ನನಗೆ ಯಾಕೆ ಹೊಳೆಯಿತೋ ಕಾಣೆ. ಇಟ್ಟದ್ದೇ ತಡ, ಹಾಡಿಗೆ ಎದೆ ಬಂತು! ಡೋಲಕ್ಕಿನ ಪೆಟ್ಟು ಗುಂ, ಗುಂ ಎಂದು ಅಡುಗೆಮನೆಯ ನೆಲದಲ್ಲೇ ಓಡಾಡಿತು. ಬೀದಿಯವರೆಲ್ಲ ಬಂದು ಕೇಳಿದರು. ಮಣ್ಣಿನ ಗುಡಾಣದೊಳಗೆ ಬರೀ ಗಾಳಿ, ಆ ಗಾಳಿ ಹೇಗೆ ಡೋಲು ಬಾರಿಸುತ್ತದೆ ಎಂದು ನಾನು ರಾತ್ರಿಯೆಲ್ಲ ಯೋಚಿಸಿದೆ.

ಮಾರನೆಯ ದಿನ ಇನ್ನೂ ಚೆನ್ನಾಗಿ ಕೇಳಲಿ ಎಂದು ಸ್ಪೀಕರನ್ನು ಗುಡಾಣದ ಒಳಗೇ ಇಳಿಬಿಟ್ಟು ಶಾಲೆಗೆ ಹೋಗಿದ್ದೆ. ಅವ್ವ ಎಂದಿನಂತೆ ಬಿಂದಿಗೆ ಹೊತ್ತು ತಂದು ಅದರೊಳಕ್ಕೆ ನೀರು ಸುರಿದಳು. ಸಂಜೆ ನಾನು ಬಾಗಿಲಲ್ಲಿ ಕಾಲಿಡುವಾಗಲೇ ಶುರುವಾಯಿತು.

“ಲೇ, ಗುಡಾಣದೊಳ್ಗೆ ಅದೇನಲಾ ಇಟ್ಟಿದ್ದೆ? ನೀರು ಉಯ್ದ್ರೆ ಒಳಗಿಂದ ಕಾಗದ ತೇಲ್ಕಂಡ್ ಬತ್ತದಲ್ಲ!”

“ಸ್ಪೀಕರ್ ಕಣವ್ವ.”

“ಸ್ಪೀಕರ್ ಅಂತೆ ಸ್ಪೀಕರ್ರು! ಆ ನೀರ್ನ ನಿಮ್ಮಪ್ಪ ಎರಡು ಲೋಟ ಕುಡ್ದವ್ರೆ ಕಣ್ಲಾ!”

ಅಪ್ಪನಿಗೆ ಏನೂ ಆಗಲಿಲ್ಲ. ನನ್ನ ಸ್ಪೀಕರು ಮಾತ್ರ ಮತ್ತೆ ಉಸಿರೆತ್ತಲಿಲ್ಲ. ಆದರೆ ಆ ‘ಗುಂ’ ನನ್ನೊಳಗೆ ಉಳಿದುಕೊಂಡಿತು. ಬಹಳ ವರ್ಷಗಳ ಮೇಲೆ, ಅರಕಲಗೂಡಿನ ಪರಿಚಯದವರೊಬ್ಬರಿಂದ ಹಳೆಯ ಕಾರು ಕೊಂಡು ಮನೆಯ ಮುಂದೆ ನಿಲ್ಲಿಸಿದಾಗ, ಎಲ್ಲರೂ ಎಂಜಿನ್ ಹೇಗಿದೆ, ಟೈರು ಹೇಗಿವೆ ಎಂದು ನೋಡಿದರು. ನಾನು ಹಿಂದಿನ ಡಿಕ್ಕಿ ತೆರೆದು, ಇದರೊಳಗೆ ಎಷ್ಟು ಗಾಳಿ ಹಿಡಿಯಬಹುದು ಎಂದು ನೋಡುತ್ತಿದ್ದೆ.

ಹಾಸನದಲ್ಲಿ ಕಾರಿಗೆ ಸೌಂಡ್ ಕೂರಿಸುವ ಅಂಗಡಿಗಳು ಬೇಕಾದಷ್ಟಿವೆ. ಬೆಳಗ್ಗೆ ಬಿಟ್ಟು ಸಂಜೆ ತೆಗೆದುಕೊಂಡು ಹೋಗಿ ಎನ್ನುತ್ತಾರೆ. ನನಗೆ ಬೇಕಾದದ್ದು ಆ ಬೆಳಗ್ಗೆ ಮತ್ತು ಸಂಜೆಯ ನಡುವಿನದು. ಅದಕ್ಕೇ ಸಾಮಾನು ಮಾತ್ರ ಕೊಂಡು ಮನೆಗೆ ತಂದೆ: ಬಾಗಿಲುಗಳಿಗೆ ಸ್ಪೀಕರುಗಳು, ಮರದ ಪೆಟ್ಟಿಗೆಯೊಳಗೆ ಕೂತ ಒಂದು ದಪ್ಪ ಸಬ್‌ವೂಫರು, ಬಾಗಿಲಿನವಕ್ಕೊಂದು ಸಬ್‌ವೂಫರಿಗೊಂದು ಎಂದು ಎರಡು ಆಂಪ್ಲಿಫೈಯರು, ಮತ್ತೆ ಸುರುಳಿ ಸುರುಳಿ ವೈರು. ಸಬ್‌ವೂಫರೆಂದರೆ ನಮ್ಮ ಗುಡಾಣದ ಮೊಮ್ಮಗ, ದಪ್ಪ ದನಿ ಮಾತ್ರ ಹಾಡುವವನು. ಆಂಪ್ಲಿಫೈಯರು ಎಂದರೆ ಸ್ಟೀರಿಂಗ್ ಪಕ್ಕದ ಹಾಡಿನ ಸೆಟ್ಟಿನಿಂದ ಬರುವ ಸಣ್ಣ ದನಿಗೆ ಬಲ ಕೊಡುವ ಡಬ್ಬಿ. ದನಿ ಒಂದು ವೈರಿನಲ್ಲಿ ಬರುತ್ತದೆ. ಬಲ ಬೇರೆ ವೈರಿನಲ್ಲಿ, ನೇರ ಬ್ಯಾಟರಿಯಿಂದ ಬರುತ್ತದೆ. ಬಲದ ವೈರು ಕೆಂಪಗೆ, ಹೆಬ್ಬೆರಳಿಗಿಂತ ಸ್ವಲ್ಪ ಕಡಿಮೆ ದಪ್ಪಗೆ ಇರುತ್ತದೆ. ಎಂಜಿನ್ ಹತ್ತಿರದ ಬ್ಯಾಟರಿಯಿಂದ ಹೊರಟು, ನಡುವಿನ ತಗಡು ಗೋಡೆಯ ತೂತಿನಲ್ಲಿ ನುಗ್ಗಿ, ಮ್ಯಾಟಿನ ಕೆಳಗೆ ಕಾರಿನುದ್ದಕ್ಕೂ ತೆವಳಿ, ಡಿಕ್ಕಿಯಲ್ಲಿ ಕವಲೊಡೆದು ಎರಡೂ ಡಬ್ಬಿಗಳಿಗೆ ಹೋಗಬೇಕು.

ಆ ತೂತು ಹುಡುಕುವುದರಲ್ಲೇ ಒಂದು ಭಾನುವಾರ ಕಳೆಯಿತು. ತಲೆ ಕೆಳಗೆ, ಕಾಲು ಮೇಲೆ ಮಾಡಿ ಸ್ಟೀರಿಂಗ್ ಅಡಿಯಲ್ಲಿ ಮಲಗಿದ್ದ ನನ್ನನ್ನು ನೋಡಿ ಹಾಲಿನವನು, “ಮೇಡಮ್, ಸಾರ್‌ಗೆ ಉಷಾರಿಲ್ವಾ?” ಎಂದು ಕೇಳಿ ಹೋದ. ಬಟ್ಟೆ ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ, ಅದರ ತುದಿಗೆ ವೈರು ಕಟ್ಟಿ, ಆ ಕಡೆಯಿಂದ ನೂಕಿ ಈ ಕಡೆಯಿಂದ ಎಳೆದೆ. ವೈರಿನ ಕೆಂಪು ಮೂತಿ ಕಾರಿನೊಳಗೆ ಇಣುಕಿದಾಗ ನನಗಾದ ಸಂತೋಷವನ್ನು ನಾನು ಯಾವ ಪರೀಕ್ಷೆ ಪಾಸಾದಾಗಲೂ ಕಂಡಿಲ್ಲ.

ಹಾಡಿನ ವೈರನ್ನೂ ಬಲದ ವೈರನ್ನೂ ಒಟ್ಟಿಗೆ ಮಲಗಿಸಬಾರದು ಎಂಬುದು ಆಮೇಲೆ ತಿಳಿಯಿತು. ಮಲಗಿಸಿದ್ದೆ. ಆಕ್ಸಿಲರೇಟರ್ ಒತ್ತಿದಾಗೆಲ್ಲ ಸ್ಪೀಕರಿನಲ್ಲಿ ಗುಂಯ್ ಎಂಬ ರಾಗ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಎಂಜಿನ್ನಿಗೂ ಹಾಡುವ ಆಸೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಲ್ಲ ಬಿಚ್ಚಿ, ಹಾಡನ್ನು ಬಲಗಡೆಗೂ ಬಲವನ್ನು ಎಡಗಡೆಗೂ ಹಾಕಿ ಸಂಸಾರ ಬೇರೆ ಮಾಡಿದೆ.

ಇದಕ್ಕಿಂತ ಸೋಜಿಗದ್ದು ಇನ್ನೊಂದು. ಎಡಬಾಗಿಲಿನ ಸ್ಪೀಕರು ಒಂದೇ ಹಾಡಿದರೆ ಚೆನ್ನ. ಬಲಬಾಗಿಲಿನದು ಒಂದೇ ಹಾಡಿದರೂ ಚೆನ್ನ. ಎರಡೂ ಕೂಡಿ ಹಾಡಿದರೆ ಮದ್ದಳೆ ಮಾಯ! ಇಬ್ಬರು ಸೇರಿದರೆ ಸದ್ದು ಹೆಚ್ಚಬೇಕು, ಕಡಿಮೆಯಾಗುವುದೆಂದರೇನು? ಎರಡು ದಿನ ಪಾಠದ ಮಧ್ಯೆಯೂ ಅದನ್ನೇ ಯೋಚಿಸಿ, ಹುಡುಗರ ಮುಂದೆ ಒಬ್ಬ ದೊರೆಯ ಹೆಂಡತಿಯನ್ನು ಇನ್ನೊಬ್ಬ ದೊರೆಗೆ ಕೊಟ್ಟುಬಿಟ್ಟೆ. ಕೊನೆಗೆ ನೋಡಿದರೆ ಒಂದು ಸ್ಪೀಕರಿಗೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿತ್ತು. ಒಂದು ಗಾಳಿಯನ್ನು ಹೊರಗೆ ನೂಕುವಾಗ ಇನ್ನೊಂದು ಒಳಗೆ ಎಳೆದುಕೊಳ್ಳುತ್ತಿತ್ತು. ಎರಡೂ ಮೈಮುರಿದು ದುಡಿಯುತ್ತಿದ್ದವು, ಕೇಳುವವನಿಗೆ ಮಾತ್ರ ಏನೂ ಸಿಗುತ್ತಿರಲಿಲ್ಲ. ಪದ್ಮಾಗೆ ಇದನ್ನು ಸಂಭ್ರಮದಿಂದ ವಿವರಿಸಿದೆ. ಅವಳು ಬೀನ್ಸ್ ಮುರಿಯುತ್ತಾ, “ಮದುವೆಯಾದ ಹೊಸದ್ರಲ್ಲಿ ನಾವೂ ಹೀಗೇ ಇದ್ವಲ್ಲ, ಆಗ ಯಾಕೆ ಬಿಚ್ಚಿ ನೋಡ್ಲಿಲ್ಲ?” ಎಂದಳು.

ನಮ್ಮ ಮದುವೆಯ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಹೊಳೆನರಸೀಪುರದ ಬೇಸಾಯದ ಒಕ್ಕಲು ಮನೆಯವನು. ಪದ್ಮಾ ಚನ್ನರಾಯಪಟ್ಟಣದ ಜೈನರ ಹುಡುಗಿ. ಅವಳ ಅಣ್ಣನಿಗೆ ಅಲ್ಲಿ ಬಟ್ಟೆ ಅಂಗಡಿ. ನಾವಾಗೇ ಮೆಚ್ಚಿ ಮದುವೆಯಾದೆವು. ಜಗಳ, ಬಹಿಷ್ಕಾರ ಅಂಥದ್ದೇನೂ ಆಗಲಿಲ್ಲ. ನನ್ನ ಅತ್ತೆ ಮದುವೆಗೆ ಬಂದರು, ಅಕ್ಷತೆ ಹಾಕಿದರು. ಆಮೇಲೂ ವರ್ಷಕ್ಕೆ ನಾಲ್ಕಾರು ಸಲ ನಮ್ಮ ಮನೆಗೆ ಬರುತ್ತಾರೆ, ನನ್ನನ್ನು ಬಾಯ್ತುಂಬ ಅಳಿಯಂದಿರೇ ಎನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಒಂದು ತುತ್ತು ತಿಂದವರಲ್ಲ. ಮನೆಯಿಂದ ಸೋಸಿ ತಂದ ನೀರಿನ ಬಾಟಲಿ ಕೈಯಲ್ಲೇ ಇರುತ್ತದೆ. “ಈಗ ತಾನೇ ಆಯ್ತು”, “ಇವತ್ತು ನಂಗೆ ಒಪ್ಪತ್ತು”, “ಹೊಟ್ಟೆ ಯಾಕೋ ಭಾರ”, ಹೀಗೆ ಒಂದೊಂದು ಸಲಕ್ಕೆ ಒಂದೊಂದು ಮಾತು. ಅದರಲ್ಲಿ ಸಿಟ್ಟಿರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಅವರ ಕೈ ತಟ್ಟೆಯ ಕಡೆ ಬರುತ್ತಿರಲಿಲ್ಲ, ಅಷ್ಟೆ.

ನಾನು ಮಾಂಸ ಮೊಟ್ಟೆ ತಿನ್ನುವುದು ಅವ್ವನ ಮನೆಗೆ ಹೋದಾಗ ಮಾತ್ರ. ಪದ್ಮಾಳ ಅಡುಗೆಮನೆಗೆ ಈರುಳ್ಳಿ, ಆಲೂಗಡ್ಡೆ ಕೂಡ ಬರುವುದಿಲ್ಲ. ತವರಿನ ಹಾಗೇ ಇಂದಿಗೂ ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಾಳೆ. ಆದರೂ ಅಮ್ಮ ಉಣ್ಣದೆ ಹೋದ ದಿನ ಅವಳು ಪಾತ್ರೆಗಳನ್ನು ಸದ್ದು ಮಾಡದೆ ತೊಳೆಯುತ್ತಾಳೆ. ಆ ಸದ್ದಿಲ್ಲದ ಪಾತ್ರೆಗಳನ್ನು ಕೇಳಿಸಿಕೊಳ್ಳುವುದು ನನಗೆ ಕಷ್ಟವಾಗುತ್ತದೆ.

ಈ ಪುಷ್ಯದಲ್ಲಿ ಅತ್ತೆಯ ಮೊಣಕಾಲನ್ನು ಹಾಸನದ ಡಾಕ್ಟರಿಗೆ ತೋರಿಸಬೇಕಾಯಿತು. ಭಾವ ಅಂಗಡಿಗೆ ಬಟ್ಟೆ ತರಲು ಊರಾಚೆ ಹೋಗಿದ್ದರು, ಆದ್ದರಿಂದ ಚನ್ನರಾಯಪಟ್ಟಣದಿಂದ ಕರೆತಂದು ಮತ್ತೆ ಬಿಟ್ಟುಬರಲು ಕಾರು ನನ್ನದು, ಜವಾಬ್ದಾರಿಯೂ ನನ್ನದು. ಅಂದು ಚತುರ್ದಶಿ. ಪರ್ವದ ದಿನವೆಂದು ಅವರು ನಿಜಕ್ಕೂ ಒಪ್ಪತ್ತು ಹಿಡಿದಿದ್ದರು. ಹಾಗೆಂದರೆ ದಿನಕ್ಕೆ ಒಂದೇ ಊಟ, ಅದೂ ಕೂತಲ್ಲೇ ಒಂದು ಸಲ, ಹೊತ್ತು ಮುಳುಗುವುದರೊಳಗೆ. ತಪ್ಪಿದರೆ ಮಾರನೆಯ ಬೆಳಗಿನವರೆಗೆ ಉಪವಾಸ. ಹೋದ ವರ್ಷ ಹೀಗೇ ಊಟ ತಪ್ಪಿ ಬಸದಿಯ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದಿದ್ದರು. ಪದ್ಮಾ ಬೆಳಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, “ಡಾಕ್ಟ್ರು ನೋಡಿದ್ ತಕ್ಷಣ ಸೀದಾ ಚನ್ನರಾಯಪಟ್ಟಣ. ನಿಮ್ಮ ಕುತೂಹಲ ಗಿತೂಹಲ ಎಲ್ಲ ನಾಳೆಗೆ ಇಟ್ಕೊಳ್ಳಿ” ಎಂದಿದ್ದಳು.

ಡಾಕ್ಟರ ಸರದಿ ಮುಗಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಆದರೂ ಬೇಕಾದಷ್ಟು ಹೊತ್ತಿತ್ತು. ಅತ್ತೆ ಕಾರು ಹತ್ತುವಾಗ ಹಿಂದೆ ತಿರುಗಿ ನೋಡಿ ಕೇಳಿದರು:

“ಅಳಿಯಂದ್ರೇ, ಹಿಂದ್ಗಡೆ ಅದೇನು ಅಷ್ಟು ದೊಡ್ಡ ಪೆಟ್ಟಿಗೆ? ಬಟ್ಟೆ ಇಡೋಕಾ?”

ನೋಡಿ, ಇಷ್ಟು ದಿನದಲ್ಲಿ ಆ ಪೆಟ್ಟಿಗೆಯ ಬಗ್ಗೆ ತಾವಾಗಿ ಒಂದು ಪ್ರಶ್ನೆ ಕೇಳಿದವರು ಇವರೊಬ್ಬರೇ. ಪದ್ಮಾ ಅದಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಸಹೋದ್ಯೋಗಿಗಳು ವಯಸ್ಸು ನೆನಪಿಸುತ್ತಿದ್ದರು. ನನಗೆ ಆದ ಹಿಗ್ಗಿನಲ್ಲಿ ಪದ್ಮಾಳ ಎಚ್ಚರಿಕೆ ಹಾರಿಯೇ ಹೋಯಿತು. “ಕೇಳಿಸ್ತೀನಿ ಅತ್ತೆ, ಗಲಾಟೆ ಇಲ್ಲದ ಜಾಗ ಬೇಕು” ಎಂದೆ. ಅವರೂ ಕಡಿಮೆಯವರಲ್ಲ. “ಕೊರವಂಗಲದ ಗುಡಿ ಇಲ್ಲೇ ಹತ್ರ ಅಂತಾರಲ್ಲ, ನಾನು ನೋಡೇ ಇಲ್ಲ. ಅಲ್ಲಿಗೇ ಹೋಗಿ ಬರೋಣ್ವಾ?” ಎಂದರು. ಮೊಣಕಾಲಿಗೆ ಬಿದ್ದ ಇಂಜೆಕ್ಷನ್ನಿನ ಹುಮ್ಮಸ್ಸು ಅವರಿಗೆ, ಪೆಟ್ಟಿಗೆಯ ಹುಮ್ಮಸ್ಸು ನನಗೆ. ಅರಸೀಕೆರೆ ರಸ್ತೆ ಹಿಡಿದೆವು.

ಗುಡಿಯ ಹತ್ತಿರ ಮರದ ನೆರಳಿಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಅತ್ತೆಯ ಫೋನಿನಲ್ಲೇ ಇದ್ದ ಭಜನೆಯೊಂದನ್ನು ಹಾಕಿದೆ. ಅವರ ಮಹಿಳಾ ಸಮಾಜದವರು ಬಸದಿಯಲ್ಲಿ ಹಾಡಿದ್ದು, ಯಾರೋ ಫೋನಿನಲ್ಲಿ ಹಿಡಿದದ್ದು. ಡೋಲಕ್ಕಿನ ಮೊದಲ ಪೆಟ್ಟಿಗೇ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ, ಇದು ಕಿವಿಗಲ್ಲ, ಇಲ್ಲಿಗೇ ಬಡೀತದಲ್ಲ!” ಎಂದರು. ಆಮೇಲೆ ಕಣ್ಣು ಮುಚ್ಚಿ ಕೇಳಿದರು. ಮಧ್ಯೆ ತಟ್ಟನೆ ಕಣ್ಣು ಬಿಟ್ಟು, “ಯಾರದು, ಚಪ್ಪಾಳೆ ತಪ್ಪು ಹಾಕ್ತಿರೋದು?” ಎಂದರು. ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ ಹಾಕಿಸಿದರು. ಕೊನೆಗೆ ನಕ್ಕು, “ನಾನೇ! ಇಷ್ಟು ವರ್ಷ ಪಕ್ಕದ ವಿಮಲಮ್ಮನ್ನ ಬಯ್ತಿದ್ದೆ” ಎಂದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಗುಡಿಯಲ್ಲಿಯೂ ಅವರದು ಅದೇ ಧ್ಯಾನ. ನಾನು ಇತಿಹಾಸದ ಮೇಷ್ಟ್ರ ಗತ್ತಿನಲ್ಲಿ ಹೊಯ್ಸಳರ ಬಗ್ಗೆ ಶುರು ಮಾಡಿದರೆ, ಅವರು ಗೋಡೆಯ ಮೇಲೆ ಕೆತ್ತಿದ್ದ ಮದ್ದಳೆಯವನ ಮುಂದೆ ನಿಂತು, “ಆಗ ಪೆಟ್ಟಿಗೆ ಇರ್ಲಿಲ್ವಲ್ಲ, ಇವನ ಪೆಟ್ಟು ಆ ಮೂಲೆಯೋರಿಗೆ ಹೆಂಗೆ ಕೇಳಿಸ್ತಿತ್ತು?” ಎಂದರು. ನವರಂಗದ ಒಳಗೆ ನಿಂತು ಚಪ್ಪಾಳೆ ತಟ್ಟಿ ನೋಡಿದೆವು. ಕಲ್ಲಿನ ಸೂರು ಅದನ್ನು ದುಂಡಗೆ ಮಾಡಿ ಹಿಂದಕ್ಕೆ ಕೊಟ್ಟಿತು. “ಓ, ಗುಡಿಯೇ ಪೆಟ್ಟಿಗೆ” ಎಂದರು ಅತ್ತೆ. ಪಾಠ ಮಾಡುವ ನನಗೆ ಅದು ಯಾವತ್ತೂ ಹೊಳೆದಿರಲಿಲ್ಲ.

ಹೊರಗೆ ಬಂದು ಕೀಲಿ ತಿರುಗಿಸಿದರೆ ಕಾರು ಸತ್ತಿತ್ತು. ಗುರ್ ಎನ್ನಲಿಲ್ಲ, ಟಿಕ್ ಎನ್ನಲಿಲ್ಲ, ಮುಂದಿನ ದೀಪಗಳೂ ಹತ್ತಲಿಲ್ಲ. ಕೆಲವು ದಿನಗಳಿಂದ ಬೆಳಗ್ಗೆ ಹೊತ್ತು ಅದು ನರಳಿ ನರಳಿ ಏಳುತ್ತಿದ್ದದ್ದು ನಿಜ. ಚಳಿಗೆ ಎಂದುಕೊಂಡಿದ್ದೆ.

ಗುಡಿಯ ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದ ನಿಂಗರಾಜು ಎಂಬಾತ ನಮ್ಮನ್ನು ನೋಡಿ ಇಳಿದು ಬಂದ. “ಬ್ಯಾಟ್ರಿ ಓಯ್ತಾ ಸಾ?” ಎಂದು, ಇನ್ನಿಬ್ಬರನ್ನು ಕೂಗಿ ಕಾರನ್ನು ತಳ್ಳಿಸಿದ. ಗುಡಿಯ ಮುಂದಿನ ಬಯಲಿನಲ್ಲಿ ಆ ತುದಿಯಿಂದ ಈ ತುದಿಗೆ ಕಾರಿನ ಮೆರವಣಿಗೆಯಾಯಿತು, ಜೀವ ಬರಲಿಲ್ಲ. “ತಳ್ಳುದ್ರೆ ಏಳಕೆ ಇದು ಅಳೇ ಕಾಲದ ಗಾಡಿ ಅಲ್ಲ ಸಾ. ಒಸಿನಾದ್ರೂ ಕರೆಂಟ್ ಇರ್ಬೇಕು ಒಳ್ಗೆ. ಪೂರಾ ಬತ್ತೋಗದೆ” ಎಂದ. ನಾನು ಹಾಸನದ ಇಬ್ಬರು ಗೆಳೆಯರಿಗೆ ಫೋನ್ ಮಾಡಿದೆ. ಒಬ್ಬರು ಊರಲ್ಲಿರಲಿಲ್ಲ, ಇನ್ನೊಬ್ಬರು ಎತ್ತಲಿಲ್ಲ. ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರೆ ಈಗ ತಾನೇ ಹೋಯಿತು ಎಂದರು. ಬಿಸಿಲು ಮರದ ಬುಡ ಬಿಟ್ಟು ಮೇಲಕ್ಕೆ ಏರುತ್ತಿತ್ತು.

ನಿಂಗರಾಜು ಎಳನೀರು ಕೆತ್ತಿ ತಂದು ಅತ್ತೆಗೆ ಹಿಡಿದ. “ತಕಳಿ ಅಮ್ಮ, ಮುಖ ಬಾಡೋಗದೆ.”

“ಬೇಡಪ್ಪ, ಇವತ್ತು ಒಪ್ಪತ್ತು. ಇದನ್ನ ಕುಡಿದು ಎದ್ರೆ ನನ್ನ ಊಟ ಇದೇ ಆಗೋಗ್ತದೆ.”

ಅವರು ಕಾರಿನ ಬಾಗಿಲು ತೆಗೆದುಕೊಂಡು ಸೀಟಿನ ಅಂಚಿನಲ್ಲಿ ಕೂತರು. ಹಣೆ ಬೆವೆತಿತ್ತು. ಬೈದಿದ್ದರೆ ಚೆನ್ನಾಗಿರುತ್ತಿತ್ತು; ಬೈಯಲಿಲ್ಲ. ನನಗೆ ಮೈಯೆಲ್ಲ ನಾಚಿಕೆಯಾಯಿತು, ಭಯವೂ ಆಯಿತು. ಇವರು ಇಲ್ಲೇ ಕುಸಿದರೆ ಪದ್ಮಾಗೆ ಏನು ಹೇಳಲಿ?

“ನನ್ ಟ್ರ್ಯಾಕ್ಟರ್ ಬ್ಯಾಟ್ರಿಯಿಂದ ಕೊಡಬೋದು ಸಾ” ಎಂದ ನಿಂಗರಾಜು. “ಆದ್ರೆ ದಪ್ಪನೆ ವೈರ್ ಬೇಕಲ್ಲ, ಎರಡು. ನಿಮ್ತಾವ್ ಐತಾ?”

ಇತ್ತು. ಮ್ಯಾಟಿನ ಕೆಳಗೆ ಕಾರಿನುದ್ದಕ್ಕೂ ಮಲಗಿತ್ತು.

ಬಾಗಿಲ ಪಟ್ಟಿ ಕಿತ್ತೆ, ಮ್ಯಾಟು ಎತ್ತಿದೆ, ಡಿಕ್ಕಿಯಲ್ಲಿ ಎರಡೂ ಆಂಪ್ಲಿಫೈಯರುಗಳಿಂದ ವೈರು ಬಿಡಿಸಿದೆ. ಒಂದು ಭಾನುವಾರವೆಲ್ಲ ನೂಕಿ ನೂಕಿ ಒಳಗೆ ತಂದದ್ದನ್ನು ದರದರ ಎಳೆದು ಹೊರಗೆ ಹಾಕಿದೆ. ಅಂಥ ಗಳಿಗೆಯಲ್ಲೂ ಅತ್ತೆ ಬಗ್ಗಿ ನೋಡುತ್ತಿದ್ದರು.

“ಈ ತೆಳ್ಳಗಿರೋ ನೀಲಿ ವೈರು ಯಾತಕ್ಕೆ?”

“ಅದು ಆಂಪ್ಲಿಫೈಯರ್‌ನ ಎಬ್ಬಿಸೋದು ಅತ್ತೆ. ಸೆಟ್ ಹಾಕಿದ್ ತಕ್ಷಣ, ಏಳಪ್ಪ ಅಂತ ಹೇಳುತ್ತೆ.”

“ಮಲಗು ಅಂತ ಹೇಳೋದು ಯಾವುದು?”

“ಅದೂ ಇದೇ. ಸೆಟ್ ಆರಿಸಿದ್ರೆ ಇದ್ರಲ್ಲಿ ಕರೆಂಟ್ ನಿಂತು…” ಎಂದವನು ಅಲ್ಲಿಗೇ ನಿಂತೆ. ಸೆಟ್ಟಿನ ಹಿಂದೆ ಅದಕ್ಕೆಂದೇ ಇದ್ದ ತುದಿ ಮುರಿದುಹೋಗಿತ್ತು. ಕರೆಂಟು ಎಲ್ಲಿಂದಾದರೇನು ಎಂದು ನಾನು ಆ ನೀಲಿ ವೈರನ್ನು ಯಾವಾಗಲೂ ಕರೆಂಟಿರುವ ಹಳದಿ ವೈರಿಗೆ ಹೆಣೆದುಬಿಟ್ಟಿದ್ದೆ. ಕೀಲಿ ತೆಗೆದರೂ, ಬಾಗಿಲು ಹಾಕಿದರೂ, ಊರೆಲ್ಲ ಮಲಗಿದರೂ ಆ ಎರಡು ಡಬ್ಬಿಗಳು ಕಣ್ಣು ಬಿಟ್ಟುಕೊಂಡು ಬ್ಯಾಟರಿಯನ್ನು ಹೀರುತ್ತಾ ಕೂತಿದ್ದವು. ಮೇಲೆ ಇವತ್ತಿನ ಭಜನೆ ಬೇರೆ.

“ಪಾಪ, ಅದಕ್ಕೆ ನಿದ್ದೆನೇ ಇಲ್ವಾ!” ಎಂದರು ಅತ್ತೆ. ನನ್ನ ಮೇಲಲ್ಲ, ಆಂಪ್ಲಿಫೈಯರಿನ ಮೇಲೆ ಅವರಿಗೆ ಕನಿಕರ ಬಂದಿತ್ತು.

ಟ್ರ್ಯಾಕ್ಟರು ಬಂದು ಕಾರಿಗೆ ಮೂತಿಗೆ ಮೂತಿ ಕೊಟ್ಟು ನಿಂತಿತು. ವೈರು ಉದ್ದವಿದ್ದರೂ ಇದ್ದದ್ದು ಒಂದೇ. ಪ್ಲಸ್ಸಿಗೊಂದು ಮೈನಸ್ಸಿಗೊಂದು ಬೇಕಾದರೆ ನಡುವೆ ಕತ್ತರಿಸಬೇಕು. ಕಟಿಂಗ್ ಪ್ಲೇಯರು ಕೈಯಲ್ಲಿ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಕೈ ಒಂದು ಕ್ಷಣ ಹಿಂಜರಿಯಿತು. ಎಷ್ಟು ಮೈ ನೋಯಿಸಿಕೊಂಡು ಎಳೆದ ವೈರು! ಅತ್ತೆ ಅದನ್ನು ನೋಡಿಬಿಟ್ಟರು.

“ಕತ್ತರಿಸ್ಬೇಡಿ ಅಳಿಯಂದ್ರೇ. ಅಷ್ಟು ಆಸೆಯಿಂದ ಮಾಡಿದ್ದೀರಿ. ಒಂದು ಹೊತ್ತಿನ ಊಟ ತಾನೇ, ನಾಳೆ ಉಣ್ತೀನಿ.”

ಹಾಗೆನ್ನುವಾಗ ಅವರು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಕತ್ತರಿಸಿದೆ.

ನಿಂಗರಾಜು ಕುಡುಗೋಲಿನಲ್ಲಿ ವೈರಿನ ಸಿಪ್ಪೆ ಸುಲಿದ. ಎರಡೂ ತುಂಡು ಕೆಂಪಾದ್ದರಿಂದ ಅವನು ಪ್ಲಸ್ಸನ್ನು ಒಯ್ದು ಮೈನಸ್ಸಿಗೆ ಇಡಲು ಹೋಗಿ, ನಾನು ಕಿರುಚಿ, ಅವನು ಹಾರಿ, “ಏನ್ ಸಾ, ಜೀವ್ವೇ ಓದಂಗಾಯ್ತು!” ಎಂದ. ತುದಿಗಳನ್ನು ಸರಿಮಾಡಿ ಹಿಡಿದು, ಟ್ರ್ಯಾಕ್ಟರನ್ನು ಗುರುಗುಟ್ಟಿಸುತ್ತಾ ಸ್ವಲ್ಪ ಹೊತ್ತು ಕಾದೆವು. ಕೀಲಿ ತಿರುಗಿಸಿದಾಗ ಕಾರು ಕೆಮ್ಮಿತು, ಒದರಿತು, ಎದ್ದಿತು. ಅತ್ತೆ ಕಾರಿನೊಳಗೇ ಚಪ್ಪಾಳೆ ತಟ್ಟಿದರು.

ಹೊರಟೆವು. ಸೂರ್ಯ ಆಗಲೇ ತೆಂಗಿನ ಗರಿಗಳ ಕೆಳಕ್ಕೆ ಇಳಿದು, ಎದುರಿಗೇ ಕಣ್ಣಿಗೆ ಹೊಡೆಯುತ್ತಿದ್ದ. ನಾನು ಮನಸ್ಸಿನಲ್ಲೇ ದಾರಿ ಅಳೆಯುತ್ತಿದ್ದೆ. ಹಾಸನ ಮುಟ್ಟಿ, ಬೆಂಗಳೂರು ಹೆದ್ದಾರಿ ಹಿಡಿದು, ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಎಷ್ಟು ಓಡಿಸಿದರೂ ಆಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ಸೂರ್ಯನನ್ನೇ ನೋಡುತ್ತಾ ಕೂತಿದ್ದರು.

“ಆ ವೈರು ಮತ್ತೆ ಕೂಡಿಸಬಹುದಾ?” ಎಂದು ಕೇಳಿದರು.

“ಆಗಲ್ಲ ಅತ್ತೆ, ಹೊಸದೇ ಎಳೀಬೇಕು.”

ಹಾಸನದ ಅಂಚಿಗೆ ಬಂದೆವು. ಹೆದ್ದಾರಿಗೆ ಹೋಗುವ ಕಡೆ ನಾನು ಇಂಡಿಕೇಟರ್ ಹಾಕಿದೆ.

“ಮನೆಗೆ ನಡೀರಿ” ಎಂದರು.

“ಹೋಗ್ತಾ ಇದೀನಿ ಅತ್ತೆ. ಆದ್ರೆ ಚನ್ನರಾಯಪಟ್ಟಣಕ್ಕೆ… ಹೊತ್ತು ಮುಳುಗೋದ್ರೊಳಗೆ…”

“ನಾನು ಹೇಳಿದ್ದು ನಿಮ್ಮ ಮನೆಗೆ.”

ಇಂಡಿಕೇಟರ್ ಆರಿಸಲು ಹೋಗಿ ವೈಪರ್ ಹಾಕಿದೆ. ಅದು ಒಣ ಗಾಜಿನ ಮೇಲೆ ಕಿರ್ರ್ ಎನ್ನುತ್ತಾ ನಮ್ಮ ಬೀದಿಯವರೆಗೂ ಓಡಾಡುತ್ತಲೇ ಇತ್ತು, ನಿಲ್ಲಿಸಬೇಕೆಂದು ತೋಚಲೇ ಇಲ್ಲ.

ಪದ್ಮಾ ತನ್ನ ಊಟಕ್ಕೆ ಅಡುಗೆ ಇಳಿಸಿ, ನಮ್ಮ ಫೋನು ಕಾಯುತ್ತಾ ಬಾಗಿಲಲ್ಲಿ ನಿಂತಿದ್ದಳು. ನಮ್ಮಿಬ್ಬರನ್ನೂ ಕಂಡು ಅವಳ ಮುಖ ಕಪ್ಪಿಟ್ಟಿತು. ಅಮ್ಮನ ಊಟ ತಪ್ಪಿತು ಎಂದೇ ಅವಳು ತಿಳಿದಳು. ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅತ್ತೆ ಸೀದಾ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಮೊಣಕಾಲು ನೋಯುವುದೆಂದು ಕುರ್ಚಿ ಎಳೆದು ಕೊಟ್ಟೆ. ಬೇಡವೆಂದು ಗೋಡೆ ಹಿಡಿದು, ಮೆಲ್ಲಗೆ, ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಪಡುವಣ ಕಿಟಕಿಯಿಂದ ಬಂದ ಬಿಸಿಲಿನ ಒಂದು ಪಟ್ಟಿ ಅವರ ಮುಂದಿನ ನೆಲದ ಮೇಲೆ ಇನ್ನೂ ಇತ್ತು.

ನಾನು ತಟ್ಟೆ ತಂದು ಅಲ್ಲಿಟ್ಟೆ. ಪದ್ಮಾ ಅನ್ನದ ಪಾತ್ರೆ ಎತ್ತಿಕೊಂಡು ಬಂದವಳು ಅಮ್ಮನನ್ನೂ ತಟ್ಟೆಯನ್ನೂ ನೋಡುತ್ತಾ ಹಾಗೇ ನಿಂತುಬಿಟ್ಟಳು. ಕೈಯಲ್ಲಿ ಸೌಟು, ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವಳಿಗೆ ಕೈ ಆಡಲಿಲ್ಲ.

ಅತ್ತೆ ತಲೆಯೆತ್ತಿ ಮಗಳನ್ನು ನೋಡಿದರು. ಕಿಟಕಿಯ ಕಡೆ ನೋಡಿದರು.

“ಬಡಿಸೇ, ಹೊತ್ತು ಮುಳುಗ್ತದೆ” ಎಂದರು.